ಅದೂ ಕ್ಲಾಸಿಗೆ ಬರಲಿ

"ನಿಮ್ಮ ಮಗಳಿಗೆ ಮತ್ತೆ ಹೊಟ್ಟೆನೋವಂತೆ. ಬಂದು ಕರ್ಕೊಂಡು ಹೋಗಿ," ಎಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನಿಟ್ಟಾಗ, ಅಮ್ಮ ಹೊಲಿಗೆ ಯಂತ್ರದ ಸೂಜಿಯಡಿಯಿಂದ ಅರ್ಧ ಹೊಲಿದ ನೀಲಿ ಪ್ಯಾಂಟಿನ ಕಾಲನ್ನು ಬಿಡಿಸಿ ಎದ್ದಳು.

"ಹೊಟ್ಟೆನೋವಿಗೆ ಒಂದು ಮಾತ್ರೆ ಬರ್ಕೊಡೋದು ಬಿಟ್ಟು ಉಸಿರು ಎಣಿಸು ಅಂತಾಳಲ್ಲ, ಅವಳು ಯಾವ ಸೀಮೆ ಡಾಕ್ಟ್ರು?" ಎಂದು ಅಜ್ಜಿ ಗೊಣಗಿದಳು.

"ಎರಡು ವರ್ಷ ಮಾತ್ರೆ ನುಂಗಿಸಿ ಆಯ್ತಲ್ಲ, ಅತ್ತೆ," ಎಂದು ಅಮ್ಮ ಚಪ್ಪಲಿ ಮೆಟ್ಟಿದಳು.

ಆ ಎರಡು ವರ್ಷದಲ್ಲಿ ಮಾಡಿಸದ ಪರೀಕ್ಷೆಯಿರಲಿಲ್ಲ. ರಕ್ತ, ಸ್ಕ್ಯಾನು, ಕೊನೆಗೆ ಹೊಟ್ಟೆಯೊಳಗೆ ಕೊಳವೆ ಇಳಿಸಿಯೂ ನೋಡಿದ್ದರು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಬಂಧುಬಳಗವೆಲ್ಲ ಸೇರಿ ಹತ್ತು ವರ್ಷದ ಹುಡುಗಿಗೆ 'ನಾಟಕದ ರಾಣಿ' ಎಂದು ಹೆಸರಿಟ್ಟರು. ಆಸ್ಪತ್ರೆಯ ಮೂಲೆಕೋಣೆಯ ಡಾಕ್ಟರಮ್ಮ ಮಾತ್ರ ಮೊದಲ ದಿನವೇ, "ನಿನ್ನ ನೋವು ನಿಜ, ಪುಟ್ಟಿ. ನಿನ್ನ ಹೊಟ್ಟೆ ಸಣ್ಣದಕ್ಕೂ ಕೂಗಾಡುತ್ತೆ, ಅಷ್ಟೆ. ಅದನ್ನ ಪಳಗಿಸೋಣ," ಎಂದಿದ್ದಳು. ಹೊಟ್ಟೆಯಿಂದ ಉಸಿರೆಳೆಯುವುದು, ಕಣ್ಣು ಮುಚ್ಚಿ ಬೆಚ್ಚಗಿನ ನೀರಲ್ಲಿ ತೇಲುತ್ತಿದ್ದೇನೆಂದು ನೆನೆಯುವುದು, ನೋವಿದ್ದರೂ ಶಾಲೆ ತಪ್ಪಿಸದಿರುವುದು. ಏಳು ವಾರದಿಂದ ಇದೇ ಔಷಧ. ಅಮ್ಮನಿಗೂ ಒಂದು ಪಥ್ಯವಿತ್ತು: 'ನೋಯ್ತಿದೆಯಾ' ಎಂದು ಕೇಳಕೂಡದು. ಎಲ್ಲಕ್ಕಿಂತ ಕಷ್ಟದ್ದು ಅದೇ.

ಶಾಲೆಯ ಕಚೇರಿಯ ಬೆಂಚಿನ ಮೇಲೆ ಮಗಳು ಮುದುರಿ ಕೂತಿದ್ದಳು. ತುಟಿ ಬಿಳಿಚಿತ್ತು. ಗಂಟಲವರೆಗೆ ಬಂದ ಪ್ರಶ್ನೆಯನ್ನು ಅಮ್ಮ ನುಂಗಿಕೊಂಡಳು.

"ಈಗ ಯಾವ ಪಾಠ?"

"ಭಿನ್ನರಾಶಿ," ಎಂದಳು ಮಗಳು.

"ಕರ್ಕೊಂಡು ಹೊರಡಿ," ಎಂದಳು ಮುಖ್ಯೋಪಾಧ್ಯಾಯಿನಿ. "ನಮಗೂ ನಾಟಕ ನೋಡಿ ಸಾಕಾಗಿದೆ."

"ನಾಟಕ ಅಲ್ಲ, ಮೇಡಂ. ನೋವು ನಿಜ. ನಾನು ಕರ್ಕೊಂಡು ಹೋಗಲ್ಲ, ಅದೂ ನಿಜ."

"ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ಡಾಕ್ಟ್ರ ಕಾಗದ ನಿಮ್ಮ ಕೈಗೇ ಕೊಟ್ಟಿದ್ದೀನಿ. ಜ್ವರ, ವಾಂತಿ ಇದ್ರೆ ಹೇಳಿ, ಎದ್ದೂಬಿದ್ದೂ ಓಡಿ ಬರ್ತೀನಿ. ಎಂದಿನ ನೋವಾದ್ರೆ ಐದು ನಿಮಿಷ ಕೂರ್ಸಿ, ಕ್ಲಾಸಿಗೆ ಕಳ್ಸಿ."

"ಎಂಥಾ ತಾಯಿ ರೀ ನೀವು?"

ಆ ಮಾತು ನಾಟಿತು. ಅಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಆದರೆ ದನಿ ಏರಲಿಲ್ಲ. "ಎರಡು ವರ್ಷ ಒಳ್ಳೇ ತಾಯಿಯಾಗಿದ್ದೆ, ಮೇಡಂ. ನೀವು ಕರೆದಾಗೆಲ್ಲ ಬಂದು ಮನೇಲಿ ಮಲಗಿಸಿದೆ. ನೋವು ಹೋಗ್ಲಿಲ್ಲ, ಇವಳ ಗೆಳತಿಯರು ಹೋದ್ರು."

ಮಗಳು ಆಗಲೇ ಕಣ್ಣು ಮುಚ್ಚಿದ್ದಳು. ಸಮವಸ್ತ್ರದಡಿ ಹೊಟ್ಟೆ ನಿಧಾನವಾಗಿ ಉಬ್ಬಿ ಇಳಿಯುತ್ತಿತ್ತು. ಗೋಡೆ ಗಡಿಯಾರದ ಮುಳ್ಳು ನಾಲ್ಕೈದು ಗೆರೆ ದಾಟಿತು. ಅವಳು ಎದ್ದು ಲಂಗ ಕೊಡವಿಕೊಂಡಳು.

"ಹೋಯ್ತಾ ನೋವು?" ಎಂದು ಮುಖ್ಯೋಪಾಧ್ಯಾಯಿನಿ ಹುಬ್ಬೇರಿಸಿದಳು.

"ಇಲ್ಲ, ಮೇಡಂ, ಇದೆ. ಅದೂ ಕ್ಲಾಸಿಗೆ ಬರ್ಲಿ ಬಿಡಿ."

ಹುಡುಗಿ ಹಿಂತಿರುಗಿ ನೋಡದೆ ಪಡಸಾಲೆ ದಾಟಿದಳು. ತರಗತಿಯೊಳಗೆ ಯಾರೋ ಕಿಸಕ್ಕನೆ ನಕ್ಕರು. "ಸರ್ಕೊಳ್ಳೆ, ಅದು ನನ್ನ ಜಾಗ," ಎಂಬ ಅವಳ ದನಿ ಕೇಳಿತು. ಬೆಂಚು ಕಿರುಗುಟ್ಟಿತು.

ಹೊರಗೆ ಗೋಡೆಗೊರಗಿ ನಿಂತ ಅಮ್ಮ, ತೋಳಿಗಂಟಿದ್ದ ನೀಲಿ ದಾರವೊಂದನ್ನು ಬಿಡಿಸಿ ಬೆರಳಿಗೆ ಸುತ್ತತೊಡಗಿದಳು.