ಎರಡನೆಯ ಬಣ್ಣ

ಒಂದು ಮನೆಯ ಇಬ್ಬರು ಎಂದೂ ಒಂದೇ ಗೇಟಿನೊಳಗೆ ಕೆಲಸಕ್ಕೆ ಹೋಗುವುದಿಲ್ಲ ಎಂದು ಹನ್ನೊಂದನೆಯ ವಯಸ್ಸಿನಲ್ಲಿ ಅವಳು ಅಮ್ಮನ ಅಂಗೈಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಅದು ಊರಿನ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದ ವರ್ಷ. ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದುದು ಒಂದೇ ಕಡೆ, ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ. ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆಲ್ಲ ಇಬ್ಬರೂ ಊಟದ ಡಬ್ಬಿ ತೆರೆಯದೆ ಮನೆಗೆ ಬಂದರು. ಆ ಡಬ್ಬಿಗಳಲ್ಲಿದ್ದುದನ್ನೇ ಮೂವರೂ ಮಧ್ಯಾಹ್ನಕ್ಕೂ ರಾತ್ರಿಗೂ ಹಂಚಿಕೊಂಡರು. ಆಮೇಲಿನ ಎರಡು ವರ್ಷ ಏನು ತಿಂದರೆಂಬುದನ್ನು ಅಮ್ಮ ಸಾಯುವವರೆಗೂ ಯಾರ ಮುಂದೆಯೂ ಬಾಯಿಬಿಡಲಿಲ್ಲ. "ಒಬ್ಬರಾದರೂ ಬೇರೆ ಕಡೆ ಇದ್ದಿದ್ದರೆ" ಎನ್ನುತ್ತಿದ್ದಳು. ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಮಾತು ಕೊಟ್ಟ ಆ ಮಗಳಿಗೆ ಈಗ ನಲವತ್ತೊಂಬತ್ತು. ಕಾರ್ಖಾನೆ ಮತ್ತೆ ತೆರೆದು, ಮಾಲೀಕರು ಎರಡು ಸಲ ಬದಲಾಗಿ, ಅದೇ ಗೇಟಿನೊಳಗೆ ಅವಳು ಇಪ್ಪತ್ತಾರು ವರ್ಷದಿಂದ ತಪಾಸಣೆಯ ಮೇಜಿನ ಮುಂದೆ ನಿಂತಿದ್ದಾಳೆ. ರಟ್ಟಿನ ಅಂಚನ್ನು ಹೆಬ್ಬೆರಳಿನಲ್ಲಿ ಮೀಟಿದರೆ ಸಾಕು, ಬರುವ ಸದ್ದಿನಲ್ಲೇ ಅದು ಮೂರು ಪದರವೋ ಐದು ಪದರವೋ ಹೇಳಿಬಿಡುತ್ತಾಳೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಪದರಕ್ಕ. ಗಂಡ ತೀರಿಹೋಗಿ ಒಂಬತ್ತು ವರ್ಷ. ಮನೆಯಲ್ಲಿ ಅವಳು ಮತ್ತು ಅವಳ ಮಗಳು, ಇಬ್ಬರೇ.

ಈ ಹುಡುಗಿ ಅರ್ಥಶಾಸ್ತ್ರ ಓದಿ ಒಂದೂವರೆ ವರ್ಷದಿಂದ ಕೆಲಸಕ್ಕಾಗಿ ಅಲೆಯುತ್ತಿದ್ದಳು. ಚಪ್ಪಲಿ ಸವೆಯಿತು ಎಂಬುದು ಬರಿಯ ಮಾತಾಗಿರಲಿಲ್ಲ. ಪದರಕ್ಕ ಎರಡು ಸಲ ಅದರೊಳಗೆ ಹಿಮ್ಮಡಿಗೆ ರಟ್ಟು ಕತ್ತರಿಸಿ ಅಂಟಿಸಿ ಕೊಟ್ಟಿದ್ದಳು. ಹೋದ ವಾರ ಮ್ಯಾನೇಜರು ತಾವಾಗಿಯೇ ಮೇಜಿನ ಹತ್ತಿರ ಬಂದು, "ಅಕ್ಕ, ಮಾಲು ಕಳಿಸೋ ಕಡೆ ಲೆಕ್ಕ ಬರೆಯೋಕೆ ಒಬ್ಬರು ಬೇಕು. ಹೊರಗಿನವರನ್ನ ಯಾಕೆ ಕರೀಬೇಕು, ನಿಮ್ಮ ಮಗಳನ್ನೇ ಕಳಿಸಿ. ಸೋಮವಾರ ಹೇಳಿಬಿಡಿ" ಎಂದಿದ್ದರು.

ಭಾನುವಾರ ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತ ಮಗಳೇ ಮಾತು ತೆಗೆದಳು.

"ಅಜ್ಜಿಗೆ ಕೊಟ್ಟ ಮಾತಿಗೆ ನನ್ನ ಹೊಟ್ಟೆ ಯಾಕಮ್ಮ ಅಡ ಇಡ್ತೀಯ?"

"ಹೊಟ್ಟೆ ವಿಚಾರಾನೇ ಕಣೇ ಅದು."

"ಆ ಥರದ ಕುಸಿತ ಇನ್ನು ಬರಲ್ಲ. ಆಗ ಬ್ಯಾಂಕು ಬಿದ್ದರೆ ಬೀಳಲಿ ಅಂತ ಕೈಕಟ್ಟಿ ಕೂತಿದ್ದರು. ಈಗ ಹಾಗೆ ಬಿಡಲ್ಲ. ಸರ್ಕಾರ ದುಡ್ಡು ಸುರಿಯುತ್ತೆ, ಬಡ್ಡಿ ಇಳಿಸ್ತಾರೆ. ದೊಡ್ಡವರು ಪಾಠ ಕಲಿತಿದ್ದಾರಮ್ಮ."

"ಯಾವ ದೊಡ್ಡವರು? ಒಂದೂವರೆ ವರ್ಷದಿಂದ ನಿನ್ನ ಬಾಗಿಲಿಂದ ಬಾಗಿಲಿಗೆ ಓಡಾಡಿಸ್ತಿದ್ದಾರಲ್ಲ, ಅವರೇನಾ?"

ಮಗಳಿಗೆ ನಗು ಬಂತು. ಎದ್ದು ಹೋಗಿ ಕಾಲೇಜಿನ ಪುಸ್ತಕವೊಂದನ್ನು ತಂದು ತಾಯಿಯ ತೊಡೆಯ ಮೇಲೆ ಬಿಚ್ಚಿದಳು. ಹಾಳೆಯ ತುಂಬ ದೇಶದ ಆದಾಯದ ಒಂದೇ ಗೆರೆ ಹತ್ತುತ್ತ ಹತ್ತುತ್ತ ಹೋಗಿ, ಒಂದು ಕಡೆ ಉಗುರಿನಷ್ಟು ಕೆಳಗಿಳಿದು, ಮತ್ತೆ ಹತ್ತಿತ್ತು.

"ಇದೇ ನೋಡು ನೀನು ಹೇಳೋ ವರ್ಷ."

"ಇಷ್ಟೇನಾ?"

"ಇಷ್ಟೇ."

ಪದರಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಈ ತಗ್ಗಿನೊಳಗೆ ನಾವು ಮೂರು ಜನ ಇದ್ದೆವಾ?" ಎಂದಳು.

ಮಗಳು ಪುಸ್ತಕ ಮುಚ್ಚಿದಳು. ಈ ಸಲ ವಾದಕ್ಕಲ್ಲದೆ, "ಮತ್ತೆ ಬರುತ್ತೆ ಅಂತ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದಳು.

"ಬಾಕ್ಸು ಹೇಳುತ್ತೆ. ನಿಮ್ಮಜ್ಜ ನೋಡಿ ನೋಡಿ ಕಂಡುಕೊಂಡಿದ್ದು ಇದು. ಜನರ ಕೈಲಿ ಕಾಸು ಆಡ್ತಿದ್ದರೆ ಬಾಕ್ಸಿನ ಮೇಲೆ ಎರಡು ಬಣ್ಣದ ಅಚ್ಚು. ಕೈ ಬಿಗಿಯಾದಾಗ ಮೊದಲು ಎರಡನೇ ಬಣ್ಣ ಹೋಗುತ್ತೆ. ಅದನ್ನ ಯಾರೂ ಗಮನಿಸಲ್ಲ. ಆಮೇಲೆ ಐದು ಪದರ ಇದ್ದಿದ್ದು ಮೂರಾಗುತ್ತೆ. ಆಮೇಲೆ ಬಾಕ್ಸೇ ಬೇಡ ಅಂತಾರೆ."

"ಈಗ ಯಾರದ್ದಾದರೂ ಬಣ್ಣ ಹೋಗಿದೆಯಾ?"

"ಮೂರು ಸಣ್ಣ ಪುಟ್ಟ ಕಂಪನಿಗಳದು ಹೋಗಿದೆ. ಬಿಸ್ಕತ್ತಿನ ಕಂಪನಿಯವರದು ಇನ್ನೂ ಇದೆ. ಅರ್ಧ ಕಾರ್ಖಾನೆ ನಡೆಯೋದೇ ಅವರಿಂದ."

"ಇದನ್ನ ಹೇಳೋಕೆ ನಮ್ಮ ಮೇಷ್ಟರಿಗೆ ಮೂವತ್ತು ಪುಟ ಬೇಕಾಯ್ತು, ನೀನು ಒಂದು ಬಾಕ್ಸಿನಲ್ಲಿ ಮುಗಿಸಿದೆ," ಎಂದು ಮಗಳು ರೇಗಿಸಿದಳು. ಪದರಕ್ಕನಿಗೆ ನಗದಿರಲಾಗಲಿಲ್ಲ. ಆದರೂ, "ಬೇಡ ಕಣೇ. ಇನ್ನೆರಡು ತಿಂಗಳು ಬೇರೆ ಕಡೆ ನೋಡು" ಎಂದಳು.

ಮಗಳು ಉಳಿದ ಬಟ್ಟೆ ಮಡಚಿಟ್ಟು, ಹೋಗಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಅಲ್ಲಿಂದಲೇ, "ನೋಡೋಕೆ ಯಾವ ಕಡೆಯೂ ಉಳಿದಿಲ್ಲಮ್ಮ" ಎಂದಳು.

ಸೋಮವಾರ ಬೆಳಿಗ್ಗೆ ಪದರಕ್ಕ 'ಬೇಡ ಸಾರ್' ಎಂಬ ಎರಡು ಮಾತನ್ನು ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಹೊರಳಿಸುತ್ತ ಬಂದು ಮ್ಯಾನೇಜರ ಕೋಣೆಗೆ ಹೋದಳು. ಅವರು ಫೋನಿನಲ್ಲಿದ್ದರು. ಕೂರಲು ಕೈಸನ್ನೆ ಮಾಡಿ, "ಆಯ್ತು, ಆಯ್ತು, ಒಂದೇ ಬಣ್ಣ. ಮಾಡಿಸೋಣ" ಎಂದು ಫೋನು ಇಟ್ಟರು. ಮೇಜಿನ ಮೇಲೆ ಬಿಸ್ಕತ್ತಿನವರ ಹೊಸ ಮಾದರಿ ಪೆಟ್ಟಿಗೆ ಇತ್ತು. ಹೆಸರಿನ ಸುತ್ತ ಯಾವಾಗಲೂ ಇರುತ್ತಿದ್ದ ಕೆಂಪು ಪಟ್ಟಿ ಇರಲಿಲ್ಲ.

"ಹೊಸ ಡಿಸೈನಂತೆ ಅಕ್ಕ. ಈಗ ಸರಳವಾಗಿರೋದೇ ಫ್ಯಾಷನ್ನಂತೆ."

ಅಭ್ಯಾಸಬಲದಿಂದ ಅವಳ ಹೆಬ್ಬೆರಳು ರಟ್ಟಿನ ಅಂಚನ್ನು ಮೀಟಿತು. ತೆಳ್ಳಗಿನ, ಪೊಳ್ಳು ಸದ್ದು.

"ಇದು ಮೂರು ಪದರ ಸಾರ್."

"ಹೂಂ. ಸಾಗಿಸೋಕೆ ಹಗುರ ಆಗುತ್ತಲ್ಲ." ಅವರು ತಲೆ ಎತ್ತಲಿಲ್ಲ. ಖಾಲಿ ಲೋಟವನ್ನು ಅತ್ತಿಂದಿತ್ತ ಸರಿಸುತ್ತಿದ್ದರು.

ಅಪ್ಪನ ಕಾಲದಲ್ಲಿ ಬಣ್ಣ ಹೋದದ್ದಕ್ಕೂ ಪದರ ಹೋದದ್ದಕ್ಕೂ ನಡುವೆ ಏಳು ತಿಂಗಳಿತ್ತು. ಇಲ್ಲಿ ಎರಡೂ ಒಂದೇ ಬೆಳಿಗ್ಗೆ ಹೋಗಿದ್ದವು.

"ಮಗಳ ವಿಷಯ ಏನು ಮಾಡಿದಿರಿ?" ಎಂದು ಮ್ಯಾನೇಜರು ಕೇಳಿದರು.

ಬೇಡ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಆ ಕುಸಿತ ಬರುವುದೇ ನಿಜವಾದರೆ, ಎರಡು ತಿಂಗಳಲ್ಲಿ ಊರಿನ ಯಾವ ಗೇಟಿನಲ್ಲೂ ಯಾರೂ ಯಾರನ್ನೂ ಒಳಗೆ ಕರೆಯುವುದಿಲ್ಲ. ಒಬ್ಬರಾದರೂ ಬೇರೆ ಕಡೆ ಇರಲಿ ಎಂದು ಅಮ್ಮ ಹೇಳಿದ್ದಳು. ಆ ಬೇರೆ ಕಡೆ ಎಲ್ಲಿದೆ? ನಿನ್ನೆ ಇದು ಬರಿಯ ಅನುಮಾನವಾಗಿದ್ದಾಗ ಮಗಳಿಗೆ ಬೇಡ ಎಂದಿದ್ದಳು. ಇವತ್ತು ಹೆಬ್ಬೆರಳಿಗೇ ತಗುಲಿದ ಮೇಲೆ ಅವಳಿಗೆ ಕಂಡದ್ದು ಒಂದೇ: ಈ ವರ್ಷ ಈ ಊರಿನಲ್ಲಿ ಯಾರಿಗಾದರೂ ಸಿಗುವ ಕೊನೆಯ ಕೆಲಸ ಇದೇ ಇರಬಹುದು. ನಾಲ್ಕು ತಿಂಗಳು ಎರಡು ಸಂಬಳ ಬಂದರೂ ಬಂದಷ್ಟು.

"ಇವತ್ತೇ ಬರಬಹುದಾ ಸಾರ್ ಅವಳು?"

"ನಾಳೆ ಬರಲಿ ಬಿಡಿ. ಏನು ಅವಸರ?"

"ಇವತ್ತೇ ಬರಲಿ. ಕೆಲಸದ ಕಾಗದಕ್ಕೂ ಇವತ್ತೇ ಸಹಿ ಹಾಕಿಸಿಬಿಡಿ."

ಮ್ಯಾನೇಜರು ಅವಳನ್ನೂ ಮಾದರಿ ಪೆಟ್ಟಿಗೆಯನ್ನೂ ನೋಡಿದರು. ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಕೆಳಗಿಟ್ಟರು. "ಕರೆಸಿ," ಎಂದರು. "ಹೊಸಬರನ್ನ ತಗೋಬೇಡಿ ಅಂತ ಮೇಲಿನವರು ಇನ್ನೂ ಹೇಳಿಲ್ಲ."

ಹನ್ನೊಂದಕ್ಕೆ ಮಗಳು ಬಂದಳು. ಕೂದಲು ಇನ್ನೂ ಒದ್ದೆ. ಪ್ರಮಾಣಪತ್ರಗಳ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಪದರಕ್ಕ ಕರೆದುಕೊಳ್ಳಲು ಗೇಟಿನ ಹೊರಗೆ ಬಂದು ನಿಂತಿದ್ದಳು.

"ಯಾಕಮ್ಮ ಮನಸ್ಸು ಬದಲಾಯ್ತು?"

"ಜಾಗ ಹೋಗಿಬಿಡುತ್ತೆ ಅಂದರು."

"ನೋಡಿದೆಯಾ, ಸುಮ್ಮನೆ ಹೆದರಿಸ್ತಿದ್ದೆ," ಎಂದು ಮಗಳು ತಾಯಿಯ ಭುಜಕ್ಕೆ ಭುಜ ತಾಗಿಸಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು.

ಕಾವಲುಗಾರ ಪುಸ್ತಕ ತೆರೆದು, "ಪದರಕ್ಕ, ಇನ್ನು ಮನೆಗೆ ಬೀಗ ಜಡಿದು ಎಲ್ಲರೂ ಇಲ್ಲೇ ಅನ್ನಿ" ಎಂದು ನಗುತ್ತ ಮಗಳ ಹೆಸರು ಬರೆದುಕೊಂಡು ಗೇಟು ಸರಿಸಿದ. ತಾಯಿ ಮಗಳು ಇಬ್ಬರೂ ಒಳಗೆ ಹೋದರು. ಅಮ್ಮನಿಗೆ ಕೊಟ್ಟ ಮಾತು ಅವತ್ತು ಮುರಿಯಿತು.