ಗೋಗಿಯಿಂದ ಬಂದ ವಾಲ್ವ್ ರೇಡಿಯೊ

ಶಹಾಪುರದ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಕಹಕಶಾ ಅಲ್ಲಿಯವರೆಗೆ ವಾಲ್ವ್ ರೇಡಿಯೊ ಬಿಚ್ಚಿದವಳೇ ಅಲ್ಲ. ಆದರೂ ಗೋಗಿಯ ದೇವಕಮ್ಮ ಶೇರ್ ಆಟೊ ಇಳಿದು, ಚಾದರದಲ್ಲಿ ಸುತ್ತಿದ್ದ ಮರದ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಾಗ ಇಲ್ಲ ಅನ್ನಲು ಅವಳಿಗೆ ಮನಸ್ಸಾಗಲಿಲ್ಲ.

"ಬಿಟ್ಟು ಹೋಗ್ರಿ ಅಮ್ಮಾ, ನಾಕ್ ದಿನ ಬೇಕಾಗ್ತದ."

"ಬಿಟ್ಟು ಹೋಗೂದಿಲ್ಲವ್ವ. ನಾನೂ ಇಲ್ಲೇ ಕುಂದರ್ತೀನಿ."

ದೇವಕಮ್ಮ ಅಂಗನವಾಡಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಹಿಂದೊಮ್ಮೆ ಈ ರೇಡಿಯೊದಲ್ಲಿ ಸ್ಟೇಶನ್ ತೋರಿಸುವ ಮುಳ್ಳಿನ ದಾರ ಹರಿದಾಗ ಸುರಪುರದ ಮೆಕ್ಯಾನಿಕ್ ಫಕೀರಸಾಬನ ಬಳಿ ಬಿಟ್ಟುಬಂದಿದ್ದಳು. ಮನೆಗೆ ತಂದ ಕೆಲವೇ ವಾರಗಳಲ್ಲಿ ರೇಡಿಯೊದ ಧ್ವನಿ ಒಡೆಯಿತು. "ಚಲೋ ಸ್ಪೀಕರ್ ತಗದು ಖರಾಬ್ ಸ್ಪೀಕರ್ ಹಾಕ್ಯಾನ" ಎಂದು ಅವನ ಅಂಗಡಿ ಮುಂದೆ ನಿಂತು ನಾಲ್ಕು ಜನ ಕೇಳುವಂತೆ ಬೈದು ಬಂದಿದ್ದಳು. ಆಮೇಲೆ ರೇಡಿಯೊ ಮೂಲೆ ಸೇರಿತು, ಇಬ್ಬರ ಮಾತೂ ನಿಂತಿತು. ಇದನ್ನೆಲ್ಲ ಅವಳು ಮೊದಲ ದಿನವೇ ಕಹಕಶಾಗೆ ಹೇಳಿದಳು.

ಅಂದಿನಿಂದಲೇ ದೇವಕಮ್ಮ ಸ್ಟೂಲಿನ ಮೇಲೆ ಕುಳಿತು ಅಂಗಡಿಯನ್ನು ತಾನೇ ನಡೆಸತೊಡಗಿದಳು. ಫೋನ್ ಚಾರ್ಜ್ ಆಗ್ತಿಲ್ಲ ಎಂದು ಬಂದವನಿಗೆ, "ಆ ತೂತಿನಾಗ ನೋಡು, ಅರ್ಧ ಹೊಲದ ಹತ್ತಿ ಐತಿ" ಅಂದಳು. ನಡುವೆ ನುಗ್ಗಿದವರನ್ನು ಅಂಗನವಾಡಿ ಮಕ್ಕಳಂತೆ ಸಾಲಿನಲ್ಲಿ ನಿಲ್ಲಿಸಿದಳು. ಗಿರಾಕಿಗಳು ಗೊಣಗಿದರೂ ನಿಂತರು. ಕಹಕಶಾಗೆ ರೇಡಿಯೊದ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿತು.

ಅವಳು ಮುಂದಿನ ಗುಂಡಿಗಳನ್ನು ಎಳೆದು, ಅಡಿಯ ಸ್ಕ್ರೂ ತೆಗೆದು, ಒಳಗಿನ ಭಾಗಗಳನ್ನೆಲ್ಲ ಕೂರಿಸಿದ ತಗಡಿನ ಚಾಸಿಯನ್ನು ಮೆಲ್ಲಗೆ ಹೊರಗೆ ಜಾರಿಸಿದಳು. ಬ್ರಷ್ಷಿನಿಂದ ಧೂಳು ಒರೆಸಿದಳು. ಉಬ್ಬಿಹೋಗಿದ್ದ ಕೆಪಾಸಿಟರ್‌ಗಳನ್ನು ಬದಲಿಸಿದಳು. ಗಾಜಿನ ವಾಲ್ವುಗಳಲ್ಲಿ ಒಂದು ಒಳಗಿಂದ ಹಾಲಿನಂತೆ ಬೆಳ್ಳಗಾಗಿತ್ತು; ಗಾಳಿ ಹೊಕ್ಕು ಸತ್ತಿತ್ತು. ಕೊನೆಗೆ ಸ್ಪೀಕರ್ ಬಿಚ್ಚಿದವಳು ನಕ್ಕುಬಿಟ್ಟಳು.

"ಅಮ್ಮಾ, ಇಲ್ಲಿ ಬರ್ರಿ."

ಸ್ಪೀಕರಿನ ಕಾಗದಕ್ಕೆ ಅಂಟಿಕೊಂಡು ಕಣಜದ ಹುಳವೊಂದು ಮಣ್ಣಿನ ಗೂಡು ಕಟ್ಟಿತ್ತು. ಅದರ ಭಾರಕ್ಕೇ ಧ್ವನಿ ಒಡೆದದ್ದು. ಸ್ಪೀಕರಿನ ಹಿಂದೆ ಕಂಪನಿಯ ಚೀಟಿ ಹಾಗೇ ಇತ್ತು. ಚಾಸಿಯ ಮೇಲಿನ ನಂಬರ್, ಚೀಟಿಯ ನಂಬರ್ ಎರಡೂ ಒಂದೇ.

ದೇವಕಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. "ಅಂದ್ರ ಅಂವ ಏನೂ ಬದ್ಲಿ ಮಾಡಿಲ್ಲ?"

"ಇಲ್ರಿ. ಮತ್ತ ಈ ವಾಲ್ವ್ ನನ್ನ ಹತ್ರ ಸಿಗೂದಿಲ್ಲ. ಫಕೀರಸಾಬನ ಹತ್ರ ಇರಬೇಕು."

ದೇವಕಮ್ಮ ಗೂಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, "ನಡಿ, ಸುರಪುರದ ಬಸ್ ನಿಂತದ" ಅಂದಳು.

ಫಕೀರಸಾಬ ಈಗ ಮಗನ ಕೂಲರ್ ಅಂಗಡಿಯಲ್ಲಿ ಕೂರುತ್ತಿದ್ದ. ದೇವಕಮ್ಮನನ್ನು ಕಂಡವನೇ ಎದ್ದು ನಿಂತ.

"ಗೋಗಿ ಟೀಚರ್ ಬಂದ್ರಲ್ಲ! ಈಗೇನು ಕಳದದರಿ?"

"ಏನೂ ಕಳದಿಲ್ಲ. ನಿಮಗ ಅಂದ ಮಾತು ಸುಳ್ಳಿತ್ತು. ತಪ್ಪಾತು ಅಂತ ಹೇಳಾಕ ಬಂದೀನಿ." ಅವಳು ಕರ್ಚೀಫು ಬಿಚ್ಚಿ ಗೂಡನ್ನು ಮೇಜಿನ ಮೇಲಿಟ್ಟಳು.

ಕಹಕಶಾ ನಡೆದದ್ದನ್ನು ಹೇಳಿದಳು. ಫಕೀರಸಾಬ ಗೂಡನ್ನು ತಿರುಗಿಸಿ ತಿರುಗಿಸಿ ನೋಡಿ, ಕೆಮ್ಮು ಬರುವಷ್ಟು ನಕ್ಕ. "ಯಾ ಅಲ್ಲಾ! ಹುಳದ ಕೆಲಸಕ್ಕ ನಾ ಬೈಸ್ಕೊಂಡೀನಿ!" ಎಂದು ಮಗನನ್ನೂ ಕೂಗಿ ಕರೆದು ತೋರಿಸಿದ. ದೇವಕಮ್ಮನಿಗೂ ನಗು ತಡೆಯಲಾಗಲಿಲ್ಲ.

ಬಿಸ್ಕೀಟಿನ ಡಬ್ಬಿಯೊಳಗೆ, ಹತ್ತಿಯಲ್ಲಿ ಸುತ್ತಿಟ್ಟ ವಾಲ್ವ್ ಇತ್ತು. "ಕೊಡ್ತೀನಿ. ಆದ್ರ ಹಾಕೋನು ನಾನು" ಎಂದು ಅವನೂ ಟೋಪಿ ಹಾಕಿಕೊಂಡು ಇವರ ಜೊತೆ ಬಸ್ ಹತ್ತಿದ.

ಸಂಜೆ ಶಹಾಪುರದ ಅಂಗಡಿಯಲ್ಲಿ ಅವನು ವಾಲ್ವ್ ಕೂರಿಸಿ ರೇಡಿಯೊ ಹಚ್ಚಿದಾಗ ವಾಲ್ವುಗಳು ನಿಧಾನಕ್ಕೆ ಕೆಂಪಗಾದವು. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ಬರೀ ಗರಗರ. ಕಹಕಶಾ ಏರಿಯಲ್ ತಂತಿ ಹಿಡಿದು ಸ್ಟೂಲ್ ಹತ್ತಿ ಅಂಗಡಿಯ ಬೋರ್ಡಿಗೆ ಕಟ್ಟಲು ಹೋದಳು. ಅಷ್ಟರಲ್ಲಿ ಒಂದು ಹಳೇ ಹಾಡು ತಿಳಿಯಾಗಿ ತೇಲಿಬಂತು. ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು.

ಅವಳು ತಂತಿಯನ್ನು ಬೋರ್ಡಿಗೆ ಸುತ್ತಿ, ಕೈಬಿಟ್ಟು ಇಳಿಯಹೋದಳು. ಹಾಡು ಮಾಯ.

"ಇಳೀಬ್ಯಾಡ! ಅಲ್ಲೇ ನಿಂದ್ರು!" ದೇವಕಮ್ಮ, ಫಕೀರಸಾಬ ಒಟ್ಟಿಗೆ ಕೂಗಿದರು.

ಕಹಕಶಾ ನಗುತ್ತಾ ತಂತಿಯನ್ನು ಮತ್ತೆ ಬಿಗಿಯಾಗಿ ಹಿಡಿದಳು. ಚಹಾ ಬಂತು. ಫಕೀರಸಾಬ ಒಂದು ಕಪ್ಪನ್ನು ಅವಳಿಗೆ ಎತ್ತಿಕೊಟ್ಟ. ಹಾಡು ಮುಗಿಯುವವರೆಗೆ ಅವಳು ಸ್ಟೂಲಿನ ಮೇಲೆಯೇ ನಿಂತು ಚಹಾ ಕುಡಿದಳು.