ನನ್ನನ್ನು ನೋಡದೆ ಹೋದ ಸೊಸೆ

ನಾನು ಒಂದು ದೃಷ್ಟಿಬೊಂಬೆ. ತುಮಕೂರಿನ ಹೊರಗಿನ ಹೊಸ ಬಡಾವಣೆಯಲ್ಲಿ ಬೋರಲಿಂಗಯ್ಯನವರು ಮನೆ ಕಟ್ಟಿಸುವಾಗ ಹುಟ್ಟಿದೆ. ಅವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ತಮ್ಮ ಹಳೆಯ ಖಾಕಿ ಪ್ಯಾಂಟು, ಶರಟಿನೊಳಗೆ ಹುಲ್ಲು ತುರುಕಿ, ಬಟ್ಟೆಯ ಗಂಟನ್ನು ತಲೆ ಮಾಡಿ, ಇದ್ದಿಲಿನಿಂದ ಮೀಸೆ ಬರೆದು, ಕೆಂಪು ನಾಲಿಗೆ ಹೊಲಿದರು. ಹೀಗೆ ಹುಟ್ಟಿದ ದಿನವೇ ನನಗೆ ಸಮವಸ್ತ್ರ ಸಿಕ್ಕಿತು.

ಅರ್ಧ ಎದ್ದ ಗೋಡೆಗೆ ನನ್ನನ್ನು ನೇತುಹಾಕಿದರು. ದಾರಿಹೋಕರ ಕಣ್ಣು ಮನೆಯ ಮೇಲೆ ಬೀಳದಂತೆ ನನ್ನ ಕಡೆಗೆ ಎಳೆದುಕೊಳ್ಳುವುದು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿಗ ಎಂದು ಜಂಬದಿಂದಲೇ ಹೇಳುತ್ತೇನೆ. ಹಾಲಿನವನು ಒಮ್ಮೆ ನನ್ನನ್ನೇ ನೋಡುತ್ತಾ ಬಂದು ಸೈಕಲ್ಲನ್ನು ಜಲ್ಲಿ ರಾಶಿಗೆ ಹತ್ತಿಸಿದ್ದ. ಗೃಹಪ್ರವೇಶ ಮುಗಿದದ್ದೇ ನನ್ನನ್ನು ಇಳಿಸಿ ಮೆಟ್ಟಿಲ ಕೆಳಗೆ ತಳ್ಳಿದರು. ಮುನಿಸಿಕೊಂಡು ಕೂತೆ.

ಮತ್ತೆ ಎಳೆದು ತಂದದ್ದು ಅವರ ಸೊಸೆ ಸರ್ವಮಂಗಳೆಗಾಗಿ. ಅವಳು ಆರೋಗ್ಯ ಕೇಂದ್ರದ ನರ್ಸ್. ಬೈಕಿನಲ್ಲಿ ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಳು. ಅಡ್ಡ ಬಂದ ನಾಯಿಗೆ ಗುದ್ದಿ, ಬಿದ್ದು ಕೈ ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಧೈರ್ಯ ಮರಳಲಿಲ್ಲ.

"ಆಫೀಸಿನೊಳಗೇ ಕೆಲಸ ಕೊಡಿ ಅಂತ ಕೇಳ್ಬಿಡ್ತೀನಿ ಮಾವ" ಅಂದಳು. ಹಳ್ಳಿಯ ಮಕ್ಕಳನ್ನು ಬಿಡಲು ಮನಸ್ಸಿಲ್ಲ ಎನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು.

"ಕೇಳೋದು ಆಮೇಲಿರ್ಲಿ. ಹೆಲ್ಮೆಟ್ ಹಾಕ್ಕೊಂಡು ಗಾಡಿ ತೆಗಿ" ಎಂದ ಮಾವ, ಬಡಾವಣೆಯ ಖಾಲಿ ರಸ್ತೆಯ ನಡುವೆ ನನ್ನನ್ನು ಕೂರಿಸಿದರು. "ಇವನೇ ನಾಯಿ ಅನ್ಕೊ. ತಪ್ಪಿಸ್ಕೊಂಡು ಹೋಗು."

ಬಂದಳು. ನೆಟ್ಟಗೆ ನನ್ನ ಹೊಟ್ಟೆಗೇ ಬಂದಳು. ಹುಲ್ಲು ಹಾರಿತು. ಮತ್ತೆ ಬಂದಳು, ಮತ್ತೆ ಗುದ್ದಿದಳು. ಮಾವ ನನ್ನ ಮುಖವನ್ನು ಆಚೆ ತಿರುಗಿಸಿದರು. ಆಗ ನನ್ನ ಬೆನ್ನು ನೋಡಿಕೊಂಡು ಬಂದು ಗುದ್ದಿದಳು. ನನಗೋ ಒಳಗೊಳಗೇ ಹೆಮ್ಮೆ.

"ಅವನನ್ನ ಯಾಕಮ್ಮ ನೋಡ್ತೀಯ?" ಎಂದರು ಮಾವ. "ಕಣ್ಣು ಹೋದ ಕಡೆಗೇ ಗಾಡಿ ಹೋಗೋದು. ಪಕ್ಕದಲ್ಲಿರೋ ಖಾಲಿ ಜಾಗ ನೋಡು. ಬಲಕ್ಕೆ ಹೋಗ್ಬೇಕಾದ್ರೆ ಬಲಗೈಲಿ ಹ್ಯಾಂಡಲ್ ಮುಂದಕ್ಕೆ ಒತ್ತು, ಗಾಡಿ ತಾನೇ ಬಲಕ್ಕೆ ವಾಲುತ್ತೆ. ಆಗ ಬ್ರೇಕ್ ಮುಟ್ಬೇಡ."

"ನೋಡ್ಬಾರ್ದು ಅಂದಷ್ಟೂ ಅವನೇ ಕಾಣ್ತಾನೆ ಮಾವ. ನಾಲಿಗೆ ಬೇರೆ ಇಟ್ಟಿದ್ದೀರ." ನಗಲು ನೋಡಿದಳು, ಆದರೆ ಮುರಿದಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

ಆ ಕೈ ನೋಡಿ ನನ್ನ ಹೆಮ್ಮೆ ಇಳಿಯಿತು. ನಾನು ಗೆದ್ದರೆ ಇವಳು ಬೀಳುತ್ತಾಳೆ. ನನ್ನನ್ನು ನೋಡಬೇಡ ತಾಯಿ ಎಂದು ಹುಟ್ಟಿದ ಮೇಲೆ ಮೊದಲ ಸಲ ಬೇಡಿಕೊಂಡೆ.

ದಿನಾ ಬೆಳಗ್ಗೆ ಅಭ್ಯಾಸ ನಡೆಯಿತು. ನನ್ನ ಹೊಟ್ಟೆಗೆ ಎಷ್ಟು ಸಲ ಹೊಲಿಗೆ ಬಿತ್ತೋ. ಕೊನೆಗೊಂದು ಭಾನುವಾರ ಬೈಕು ನನ್ನ ಹತ್ತಿರ ಬಂದು, ಸರ್ರನೆ ವಾಲಿ, ಪಕ್ಕದಿಂದ ಹಾದುಹೋಯಿತು. ಅವಳ ಕಣ್ಣು ರಸ್ತೆಯ ತುದಿಯಲ್ಲಿತ್ತು. ಮೋಟುಗೋಡೆಯ ಮೇಲೆ ಕೂತು ನೋಡುತ್ತಿದ್ದ ಮಾವ ಎದ್ದು ನಿಂತರು.

ಸರ್ವಮಂಗಳೆ ಮತ್ತೆ ಹಳ್ಳಿಗಳಿಗೆ ಹೊರಟಳು. ಒಂದು ಸಂಜೆ ಲಸಿಕೆ ಪೆಟ್ಟಿಗೆ ಇಳಿಸುತ್ತಾ, "ಬೇಲಿ ಸಂದಿಯಿಂದ ಒಂದು ಕರು ನೆಗೀತು ಮಾವ. ತಪ್ಪಿಸ್ಕೊಂಡೆ" ಎಂದಳು.

"ಯಾವ ಬಣ್ಣದ ಕರು?"

ಯೋಚಿಸಿದಳು. "ಗೊತ್ತಿಲ್ಲ. ನೋಡ್ಲಿಲ್ಲ."

ಮಾವ ಮುಖ ಅರಳಿಸಿಕೊಂಡು ಟೀ ಇಡಲು ಒಳಗೆ ಹೋದರು.

ಈಗ ನನಗೆ ವಯಸ್ಸಾಯಿತು. ಮತ್ತೆ ಮೆಟ್ಟಿಲ ಕೆಳಗೇ ಇದ್ದೇನೆ. ಮೀಸೆ ಅಳಿಸಿದೆ, ಹೊಟ್ಟೆಯ ಹುಲ್ಲಿನಲ್ಲಿ ಬೆಕ್ಕು ಮರಿ ಹಾಕಿದೆ. ಬೆಳಗ್ಗೆ ಸರ್ವಮಂಗಳೆ ಮೆಟ್ಟಿಲ ಮುಂದೆಯೇ ಬೈಕು ತಿರುಗಿಸಿಕೊಂಡು ಹೊರಡುತ್ತಾಳೆ. ಕಣ್ಣು ನೆಟ್ಟಗೆ ಗೇಟಿನಾಚೆಯ ರಸ್ತೆಯ ಮೇಲಿರುತ್ತದೆ. ಊರಿನ ಕಣ್ಣೆಲ್ಲ ನನ್ನ ಮೇಲಿರಲಿ ಎಂದು ನೇತಾಡಿದವನು ನಾನು. ಅವಳು ನೋಡದೆ ಹೋದಾಗ ಆಗುವ ಹಿಗ್ಗು ಗೋಡೆಯ ಮೇಲೆ ನೇತಾಡುವಾಗ ಒಂದು ದಿನವೂ ಆಗಿರಲಿಲ್ಲ.